ಶಾಸ್ತ್ರದಾನವೂ ಗ್ರಂಥಾಲಯದ ಮೆಟ್ಟಿಲೂ

ಆಹಾರ, ಔಷಧ, ಅಭಯ, ಶಾಸ್ತ್ರವೆಂಬ ಚತುರ್ವಿಧ ದಾನಗಳಲ್ಲಿ ಶಾಸ್ತ್ರದಾನಕ್ಕೆ ಕನ್ನಡನಾಡಿನ ಶ್ರಾವಕರು ಎಂತಹ ಸ್ಥಾನವನ್ನು ಕೊಟ್ಟಿದ್ದರೆಂಬುದಕ್ಕೆ ದಾನಚಿಂತಾಮಣಿ ಅತ್ತಿಮಬ್ಬೆಯ ಹೆಸರೊಂದೇ ಸಾಕು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಆ ಮಹಾಶ್ರಾವಕಿ, ಬಸದಿಯ ಭಂಡಾರದಲ್ಲಿ ಒಂದು ಓಲೆಯ ಪ್ರತಿ ಇದ್ದರೆ ಸಾಲದೇ ಎಂದು ಸುಮ್ಮನಾಗಲಿಲ್ಲ. ಗ್ರಂಥವು ಇರುವುದು ಬೇರೆ, ಓದುವವನಿಗೆ ಅದು ದಕ್ಕುವುದು ಬೇರೆ ಎಂಬುದನ್ನು ಆಕೆ ಅರಿತಿದ್ದಳು.

ಈ ಭೇದವನ್ನು ಇಂದು ಕಾಲೇಜು ಗ್ರಂಥಾಲಯಗಳ ವಿಷಯದಲ್ಲಿ ವಿಚಾರಿಸಬೇಕಾಗಿದೆ. ಗ್ರಂಥಾಲಯವು ಮೊದಲ ಮಹಡಿಯಲ್ಲಿದ್ದರೆ, ಗಾಲಿಕುರ್ಚಿಯಲ್ಲಿ ಬರುವ ವಿದ್ಯಾರ್ಥಿನಿ ಕೆಳಗೆ ಕುಳಿತು ಗೆಳತಿಯ ಕೈಯಲ್ಲಿ ಚೀಟಿ ಕಳುಹಿಸುತ್ತಾಳೆ. ಗೆಳತಿ ತರುವುದು ಚೀಟಿಯಲ್ಲಿರುವ ಪುಸ್ತಕವನ್ನು ಮಾತ್ರ; ಅದರ ಪಕ್ಕದಲ್ಲಿದ್ದ, ಹೆಸರೇ ತಿಳಿಯದ ಇನ್ನೊಂದು ಪುಸ್ತಕ ಆಕೆಯ ಕಣ್ಣಿಗೆ ಎಂದೂ ಬೀಳದು. ಅಂಧ ವಿದ್ಯಾರ್ಥಿಗೆ ಸಹಪಾಠಿಯೊಬ್ಬ ಓದಿ ಹೇಳುತ್ತಾನೆ. ಅದು ಕರುಣೆಯೇ, ಸಂದೇಹವಿಲ್ಲ. ಆದರೆ ಪರೀಕ್ಷೆ ಸಮೀಪಿಸಿದಾಗ ಸಹಪಾಠಿಗೂ ತನ್ನ ಓದು ಇರುತ್ತದೆ. ಇನ್ನೊಮ್ಮೆ ಓದೆಂದು ಕೇಳಲು ಈತನಿಗೆ ಸಂಕೋಚ.

ಇದು ಯಾರ ದೋಷ? ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಜ್ಞಾನಾವರಣ ಕರ್ಮದ ಆಸ್ರವಕ್ಕೆ ಹೇಳಿರುವ ಕಾರಣಗಳಲ್ಲಿ ಮಾತ್ಸರ್ಯದೊಡನೆ ಅಂತರಾಯವೂ ಸೇರಿದೆ. ಅನ್ಯರ ಜ್ಞಾನಾರ್ಜನೆಗೆ ವಿಘ್ನವನ್ನುಂಟುಮಾಡುವುದೇ ಅದು. ಆಡಳಿತ ಮಂಡಳಿಯವರು ಹೇಳಬಹುದು: "ನಾವು ಯಾರನ್ನೂ ತಡೆದಿಲ್ಲ, ಬಾಗಿಲು ಎಲ್ಲರಿಗೂ ತೆರೆದಿದೆ." ಈ ಮಾತಿನಲ್ಲಿ ಸತ್ಯಾಂಶವಿದೆ. ಮೆಟ್ಟಿಲು ಕಟ್ಟಿಸಿದವರ ಮನಸ್ಸಿನಲ್ಲಿ ದ್ವೇಷವಿರಲಿಲ್ಲ. ಆದರೆ ಅದೇ ಗ್ರಂಥವು ಏಳನೆಯ ಅಧ್ಯಾಯದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮತ್ತಯೋಗವನ್ನು ಮುಂದಿಡುತ್ತದೆ. ನೆಲ ನೋಡದೆ ನಡೆದವನಿಗೆ ಕಾಲಡಿಯ ಇರುವೆಯ ಮೇಲೆ ಹಗೆಯೇನೂ ಇರಲಿಲ್ಲ. ಈರ್ಯಾಸಮಿತಿಯು ಅವನನ್ನು ಕೇಳುವುದು, ನೋಡಿ ನಡೆದೆಯಾ ಎಂದು. ಗ್ರಂಥಾಲಯದ ಮೆಟ್ಟಿಲಿಗೂ ಈ ಪ್ರಶ್ನೆ ಸಲ್ಲುತ್ತದೆ. ಕಟ್ಟುವಾಗ ಅಂಥವರು ಬಂದಾರೆಂದು ತೋಚಲಿಲ್ಲವೆಂಬ ಮಾತನ್ನು ಒಪ್ಪಬಹುದು. ವಿದ್ಯಾರ್ಥಿಯ ಅರ್ಜಿ ಮೇಜಿನ ಮೇಲೆ ಬಂದು ಕುಳಿತ ಮೇಲೆ ಆ ಮಾತಿಗೆ ಅವಕಾಶವಿಲ್ಲ.

ಇನ್ನೊಂದು ಆಕ್ಷೇಪ ಬಹಿರಂಗವಾಗಿ ಕೇಳಿಬರುವುದು ಕಡಿಮೆ, ಮನೆಗಳೊಳಗೆ ಉಂಟು: ಅಂಗವೈಕಲ್ಯವು ಅವರವರ ಪೂರ್ವಕರ್ಮದ ಫಲವಲ್ಲವೇ, ಅನುಭವಿಸಲೇಬೇಕಲ್ಲವೇ? ಕರ್ಮಸಿದ್ಧಾಂತಕ್ಕೆ ಇದಕ್ಕಿಂತ ಹೆಚ್ಚಿನ ಅಪಚಾರ ಬೇರೊಂದಿಲ್ಲ. ರೋಗವೂ ಕರ್ಮೋದಯವೇ, ಆದರೂ ಔಷಧದಾನವನ್ನು ಆಚಾರ್ಯರು ನಿಷೇಧಿಸಲಿಲ್ಲ, ವಿಧಿಸಿದರು. ಕಣ್ಣಿಲ್ಲದಿರುವುದು ವಿದ್ಯಾರ್ಥಿಯ ಕರ್ಮೋದಯವಾದರೆ, ಅವನಿಗೆ ಪುಸ್ತಕ ಸಿಕ್ಕದಂತೆ ಮಾಡುವುದು ಸಂಸ್ಥೆಯ ನೂತನ ಕರ್ಮಬಂಧ. ಎರಡು ಲೆಕ್ಕಗಳನ್ನು ಒಂದೇ ಪುಟದಲ್ಲಿ ಬರೆಯಲಾಗದು.

ಖರ್ಚಿನ ಮಾತು ಮಾತ್ರ ಹುಸಿಯಲ್ಲ. ಹಳೆಯ ಕಟ್ಟಡಕ್ಕೆ ಲಿಫ್ಟ್ ಹಾಕಿಸುವುದು ಸಣ್ಣ ಟ್ರಸ್ಟಿಗೆ ಹೊರೆಯೇ. ಆದರೆ ಓದುವ ಕೊಠಡಿಯನ್ನು ನೆಲಮಹಡಿಗೆ ಇಳಿಸಲು ಅಷ್ಟು ಹಣ ಬೇಡ. ಅಡಿಗೆ ಹನ್ನೆರಡು ಅಡಿಯ ಇಳಿಜಾರು, ಗಾಲಿಕುರ್ಚಿ ತಿರುಗುವಷ್ಟು ಕಪಾಟುಗಳ ನಡುವಿನ ಜಾಗ, ಕುಳಿತವರ ಕೈಗೆಟುಕುವ ಕೌಂಟರು, ಕಿವಿ ಕೇಳದವರಿಗೆ ನಿಯಮಗಳನ್ನು ಬರೆದು ತೋರಿಸುವ ಫಲಕ, ನಿಧಾನವಾಗಿ ಓದುವವರಿಗೆ ಪುಸ್ತಕ ಹಿಂದಿರುಗಿಸಲು ಹೆಚ್ಚಿನ ಅವಧಿ. ಇವುಗಳಲ್ಲಿ ಕೊನೆಯದಕ್ಕೆ ಒಂದು ಪೈಸೆಯೂ ತಗಲದು. ಆದರೂ ದಂಡದ ಪುಸ್ತಕ ಮಾತ್ರ ಕಟ್ಟುನಿಟ್ಟು! 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಸರ್ಕಾರಿ ಹಾಗೂ ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡ 5ಕ್ಕೆ ಕಡಿಮೆಯಿಲ್ಲದಷ್ಟು ಸ್ಥಾನಗಳನ್ನು ಮೀಸಲಿಡಲು ಹೇಳಿದೆ. ಸ್ಥಾನ ಕೊಟ್ಟು ಪುಸ್ತಕ ಕೊಡದಿದ್ದರೆ ಅದು ಎಲೆ ಹಾಕಿ ಬಡಿಸದಂತೆ.

ಅಂಧರ ವಿಷಯದಲ್ಲಿ ಕಾನೂನಿನ ತೊಡಕೂ ಈಗ ಉಳಿದಿಲ್ಲ. 2012ರ ತಿದ್ದುಪಡಿಯ ನಂತರ, ಲಾಭದ ಉದ್ದೇಶವಿಲ್ಲದೆ ಇಂಥ ವಿದ್ಯಾರ್ಥಿಗಳಿಗಾಗಿ ಪುಸ್ತಕವನ್ನು ಓದಬಲ್ಲ ರೂಪಕ್ಕೆ ತಂದರೆ ಅದು ಕೃತಿಸ್ವಾಮ್ಯದ ಉಲ್ಲಂಘನೆಯಾಗದು. 2016ರಲ್ಲಿ ಸುಗಮ್ಯ ಪುಸ್ತಕಾಲಯವೆಂಬ ಅಂತರ್ಜಾಲ ಗ್ರಂಥಾಲಯವೂ ಆರಂಭವಾಯಿತು. ಪರದೆಯ ಬರಹವನ್ನು ಓದಿ ಹೇಳುವ ಎನ್.ವಿ.ಡಿ.ಎ. ತಂತ್ರಾಂಶ ಉಚಿತವಾಗಿ ದೊರೆಯುತ್ತದೆ. ತೊಡಕಿರುವುದು ಕನ್ನಡ ಪುಸ್ತಕಗಳಲ್ಲಿ. ಪುಟದ ಚಿತ್ರವನ್ನಷ್ಟೇ ತೆಗೆದಿಟ್ಟರೆ ಆ ತಂತ್ರಾಂಶಕ್ಕೆ ಅಲ್ಲಿ ಅಕ್ಷರವೇ ಕಾಣದು. ಯೂನಿಕೋಡ್ ಅಲ್ಲದ ಹಳೆಯ ಲಿಪಿವಿನ್ಯಾಸಗಳಲ್ಲಿ ಜೋಡಿಸಿದ ಬರಹವು ಕಣ್ಣಿಗೆ ಅಚ್ಚಗನ್ನಡವಾಗಿ ತೋರಿದರೂ ಯಂತ್ರದ ಬಾಯಲ್ಲಿ ಅರ್ಥವಿಲ್ಲದ ಸದ್ದಾಗುತ್ತದೆ.

ಮೂಡಬಿದಿರೆಯಲ್ಲಿ ಧವಳಾದಿ ಸಿದ್ಧಾಂತಗ್ರಂಥಗಳ ಓಲೆಗಳು ಬಹುಕಾಲ ದರ್ಶನಕ್ಕೆ ಮಾತ್ರ ಲಭ್ಯವಾಗಿದ್ದವು. ಕಾಪಾಡಿದವರ ಭಕ್ತಿ ದೊಡ್ಡದು; ಅವರಿಲ್ಲದಿದ್ದರೆ ಓಲೆಗಳೇ ಉಳಿಯುತ್ತಿರಲಿಲ್ಲ. ಆದರೂ ಪ್ರತಿಗಳಾಗಿ, 1939ರಲ್ಲಿ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಧವಳದ ಮೊದಲ ಸಂಪುಟ ಅಚ್ಚಾದ ಮೇಲೆಯೇ ಅವು ವಿದ್ವತ್ಲೋಕದ ಓದಿಗೆ ದಕ್ಕಿದುದು. ಅಂಧ ವಿದ್ಯಾರ್ಥಿಯ ಪಾಲಿಗೆ ಕಪಾಟಿನಲ್ಲಿರುವ ಅಚ್ಚಿನ ಪುಸ್ತಕಗಳೆಲ್ಲವೂ ಅಂದಿನ ಓಲೆಗಳಂತೆಯೇ, ದರ್ಶನವೂ ಇಲ್ಲ.

ಹಳೆಯ ಅಚ್ಚಿನ ಪುಟಗಳನ್ನು ಅಕ್ಷರಕ್ಕೆ ತರುವಾಗ ಯಂತ್ರವು ಒತ್ತಕ್ಷರಗಳಲ್ಲಿ ಎಡವುತ್ತದೆ. ಯಾರಾದರೂ ಮೂಲ ಪುಸ್ತಕ ಹಿಡಿದು ಸಾಲುಸಾಲಾಗಿ ತಿದ್ದಬೇಕು. ನಿತ್ಯ ಸ್ವಾಧ್ಯಾಯದ ರೂಢಿಯಿರುವ ಮನೆಗಳಲ್ಲಿ ಇದಕ್ಕೆ ಬೇಕಾದ ಕನ್ನಡವೂ ಇದೆ, ತಾಳ್ಮೆಯೂ ಇದೆ. ದಿನಕ್ಕೆ ಕೆಲವೇ ಪುಟಗಳಾದರೂ, ಜೂನಿನಲ್ಲಿ ಕೈಗೆತ್ತಿಕೊಂಡರೆ ಪರೀಕ್ಷೆಗೆ ಮೊದಲು ಒಂದು ಪಠ್ಯಪುಸ್ತಕ ಮುಗಿಯುತ್ತದೆ.