ಲವಣವೂ ನಿತ್ಯಕರ್ಮವೂ

ಸಂಧ್ಯಾವಂದನೆಯೇ ಮೊದಲಾದ ನಿತ್ಯಕರ್ಮಗಳನ್ನು ಆಚರಿಸಿದವನಿಗೆ ಅದರಿಂದ ವಿಶೇಷಫಲವೇನೂ ದೊರೆಯದು, ಆದರೆ ಅವನ್ನು ಬಿಟ್ಟವನಿಗೆ ಪ್ರತ್ಯವಾಯವೆಂಬ ದೋಷವು ತಪ್ಪದು ಎಂದು ಕರ್ಮವಾದಿಗಳು ಸಾಧಿಸಿದಾಗ, ಶಂಕರಾಚಾರ್ಯರು ತೈತ್ತಿರೀಯೋಪನಿಷತ್ತಿನ ಭಾಷ್ಯದಲ್ಲಿ ನೇರವಾದೊಂದು ಆಕ್ಷೇಪವನ್ನೆತ್ತಿದರು: ಮಾಡದಿರುವುದೆಂಬುದು ಕೇವಲ ಅಭಾವ, ಅಭಾವದಿಂದ ಪಾಪವೆಂಬ ಭಾವವಸ್ತು ಹುಟ್ಟುವುದೆಂತು? ಬಿಟ್ಟ ಕರ್ಮವು ದುರಿತವನ್ನು ಉತ್ಪಾದಿಸುವುದಿಲ್ಲ, ಮೊದಲೇ ಸಂಚಿತವಾಗಿರುವ ದುರಿತವನ್ನು ಸೂಚಿಸುವುದಷ್ಟೆ ಎಂಬುದು ಅವರ ಸಮಾಧಾನ. ಕುಳಿತು ಓದುವಾಗ ಇದು ಶುಷ್ಕತರ್ಕವೆಂದು ತೋರಬಹುದು. ಥಾಣೆಯ ಖಾಡಿಯೆಂಬ ಉಪ್ಪುನೀರಿನ ಅಳಿವೆಯಿಂದ ಮೇಲೆತ್ತಿದ ಹೊಸ ಜೆಟ್ ಸ್ಕೀಯೊಂದರ ಬಳಿ ನಿಂತು ಆಲೋಚಿಸಿದರೆ ಹಾಗೆ ತೋರದು.

ಈ ವಾಹನದ ಒಡಲೊಳಗಿನ ಇಂಪೆಲ್ಲರೆಂಬ ತಿರುಗುಚಕ್ರವು ಕೆಳಗಿನಿಂದ ನೀರನ್ನು ಹೀರಿ ಹಿಂದಕ್ಕೆ ರಭಸದಿಂದ ಚಿಮ್ಮಿಸುವುದು. ಆ ನೀರಿನದೇ ಒಂದಂಶವು ಕೆಲವು ಮಾದರಿಗಳಲ್ಲಿ ಎಂಜಿನ್ನನ್ನೂ, ಕೆಲವುಗಳಲ್ಲಿ ಹೊಗೆ ಹೊರಡುವ ಮಾರ್ಗವನ್ನು ಮಾತ್ರವೂ ತಂಪುಗೊಳಿಸುತ್ತ ಹರಿಯುವುದು. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣವುಂಟು. ವಿಹಾರ ಮುಗಿದು ನೀರು ಆರಿಹೋದರೂ ಲವಣವು ಆರದೆ ಉಳಿದು, ಕರಾವಳಿಯ ಹವೆಯ ತೇವವನ್ನೇ ಸೆಳೆದುಕೊಂಡು, ಅಲ್ಯೂಮಿನಿಯಮ್ಮಿನ ಮೇಲಿನ ರಕ್ಷಕವಾದ ತೆಳುಪೊರೆಯನ್ನು ಅಲ್ಲಲ್ಲಿ ಭೇದಿಸಿ ಲೋಹವನ್ನು ತಿನ್ನತೊಡಗುವುದು. ಸಿಹಿನೀರಿನಿಂದ ತೊಳೆಯದುದು ಕಿಲುಬನ್ನು ಹುಟ್ಟಿಸಿತೆನ್ನುವುದು ಲೋಕದ ಮಾತು. ನಿಜವಾಗಿ ಹುಟ್ಟಿಸಿದುದು ಸವಾರಿಯ ಸುಖದ ಜೊತೆಯಲ್ಲಿಯೇ ಒಳಸೇರಿದ್ದ ಉಪ್ಪು. ಆಚಾರ್ಯರ ವಾದಕ್ಕೆ ಇದಕ್ಕಿಂತ ಸ್ಫುಟವಾದ ನಿದರ್ಶನವು ನನಗೆ ಹೊಳೆಯದು.

ತೊಳೆಯುವುದಕ್ಕೂ ಕ್ರಮವೊಂದಿದೆ. ಮೊದಲು ಎಂಜಿನ್ ಚಾಲೂ ಮಾಡಿ ಆಮೇಲೆ ನಲ್ಲಿಯನ್ನು ತಿರುಗಿಸಬೇಕು; ಮುಗಿಸುವಾಗ ಮೊದಲು ನಲ್ಲಿಯನ್ನು ನಿಲ್ಲಿಸಿ ಆಮೇಲೆ ಎಂಜಿನ್ ಬಂದ್ ಮಾಡಬೇಕು. ವ್ಯತ್ಯಾಸವಾದರೆ, ಹೊರದೂಡುವ ಹೊಗೆಯ ಒತ್ತಡವಿಲ್ಲದೆ ನೀರು ಹಿಮ್ಮುಖವಾಗಿ ಸಿಲಿಂಡರನ್ನು ಹೊಗುವ ಭಯವುಂಟು. ಜೈಮಿನಿಯು ತನ್ನ ಮೀಮಾಂಸಾಸೂತ್ರಗಳ ಐದನೆಯ ಅಧ್ಯಾಯವನ್ನೆಲ್ಲ ಕ್ರಮವಿಚಾರಕ್ಕೆ ಮೀಸಲಿಟ್ಟುದನ್ನು ಕಂಡು ನಗುವವರು ಈ ಯಂತ್ರದ ಕೈಪಿಡಿಯನ್ನು ಒಮ್ಮೆ ಓದಬೇಕು. ತೊಳೆಯುವುದಲ್ಲದೆ ಇನ್ನೊಂದು ಕಾವಲೂ ಉಂಟು: ಕೆಲವು ಮಾದರಿಗಳಲ್ಲಿ ಸತುವಿನ ತುಂಡೊಂದನ್ನು ಪಂಪಿನ ಬಳಿ ತಗುಲಿಸಿರುತ್ತಾರೆ. ಬೆಲೆಯುಳ್ಳ ಲೋಹಕ್ಕಿಂತ ಮೊದಲು ತಾನು ಕರಗಿ ಅದನ್ನು ಉಳಿಸುವುದೇ ಅದರ ಕೆಲಸ. ಅಂದಕ್ಕೆಂದು ಅದರ ಮೇಲೆ ಬಣ್ಣ ಬಳಿದರೆ ಆ ಕೆಲಸವೇ ನಿಂತುಹೋಗುವುದು. ಸತುವಿಗೆ ತ್ಯಾಗಬುದ್ಧಿಯನ್ನು ಆರೋಪಿಸುವ ಆಸೆ ನನಗೂ ಉಂಟು, ಆದರೆ ಅದು ರಸಾಯನಶಾಸ್ತ್ರಕ್ಕೆ ಸಲ್ಲದು.

ಡೊಂಬಿವಲಿಯಲ್ಲಾಗಲಿ ಕಲ್ಯಾಣದಲ್ಲಾಗಲಿ ನಮ್ಮವರ ಮನೆಗೆ ಹೊಸ ವಾಹನವು ಬಂದರೆ ಸಂದರ್ಭಕ್ಕೆಂದು ಮಾಡುವ ನೈಮಿತ್ತಿಕಕ್ಕೆ ಕೊರತೆಯಿಲ್ಲ: ಹೂಮಾಲೆ, ಕುಂಕುಮ, ಗಾಲಿಯಡಿಗೆ ನಿಂಬೆಹಣ್ಣು, ಆಯುಧಪೂಜೆಯಂದು ಕುಂಬಳಕಾಯಿ. ಸೊರಗುವುದು ನಿತ್ಯವೇ. ಥಾಣೆಯ ಚೆಂದನಿ ಕೋಳಿವಾಡದಲ್ಲಿಯೂ ನವಿಮುಂಬಯಿಯ ದಿವಾಳೆಯಲ್ಲಿಯೂ ಇರುವ ಕೋಳಿ ಸಮುದಾಯದ ಮೀನುಗಾರರು, ಮಲ್ಪೆಯ ಕಡೆಯ ನಮ್ಮ ಮೊಗವೀರರಂತೆಯೇ, ಶ್ರಾವಣದ ಹುಣ್ಣಿಮೆಯಂದು ಕಡಲಿಗೆ ತೆಂಗಿನಕಾಯಿಯನ್ನು ಅರ್ಪಿಸುವರು. ಆದರೆ ಆ ದಿನಕ್ಕೆ ಮೊದಲು, ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವ ಜೂನ್ 1ರಿಂದ ಜುಲೈ 31ರವರೆಗಿನ ಮಳೆಗಾಲದಲ್ಲಿ, ದಡಕ್ಕೆಳೆದ ದೋಣಿಯ ಬಿರುಕು ತುಂಬಿ ಬಣ್ಣ ಬಳಿಯುವ ದುಡಿಮೆಯು ನಡೆದಿರುತ್ತದೆ. ಅವರಲ್ಲಿ ಪೂಜೆಯು ದುಡಿಮೆಯ ಬದಲಿಗೆ ಬಂದುದಲ್ಲ.

ದೋಣಿಯು ಮೀನುಗಾರನಿಗೆ ಅನ್ನ, ಜೆಟ್ ಸ್ಕೀಯು ಒಡೆಯನಿಗೆ ಆಟ. ಆಟದ ವಸ್ತುವಿನ ಉಪಚಾರಕ್ಕೆ ಧರ್ಮದ ಹೆಸರೇಕೆ ಎಂದು ಕೇಳಿದರೆ, ಪ್ರಶ್ನೆಯು ನ್ಯಾಯವಾದುದೆಂದೇ ಒಪ್ಪುತ್ತೇನೆ. ನವಿಮುಂಬಯಿಯ ನಲ್ಲಿಯಲ್ಲಿ ಬರುವುದು ಮೊರ್ಬೆ ಅಣೆಕಟ್ಟಿನ ಕುಡಿಯುವ ನೀರು. ಅದನ್ನು ವಿನೋದದ ಉಪ್ಪು ತೊಳೆಯಲು ಹರಿಸುವಾಗ ಕೈ ತುಸು ಹಿಂಜರಿಯಬೇಕು. ನಿತ್ಯಕರ್ಮಕ್ಕೆ ಚಿತ್ತಶುದ್ಧಿಯು ಫಲವೆಂದು ಆಚಾರ್ಯರು ಒಪ್ಪುವರು. ಇಲ್ಲಿ ಎಂಜಿನ್ನಿನ ಶುದ್ಧಿಯಿಂದಾಚೆಗೆ ನಾನು ಭರವಸೆ ಕೊಡಲಾರೆ. ವಿಧಿಯ ಜೊತೆಗೆ ನಿಷೇಧವೂ ಉಂಟಷ್ಟೆ. ಥಾಣೆ ಖಾಡಿಯ ಒಂದು ಭಾಗವು 2015ರಿಂದ ಫ್ಲೆಮಿಂಗೋ ಅಭಯಾರಣ್ಯ, 2022ರಿಂದ ರಾಮ್ಸರ್ ಒಪ್ಪಂದದ ಜೌಗುಭೂಮಿ ತಾಣ; ಆ ಕಡೆಗೆ ಈ ವಾಹನವನ್ನು ತಿರುಗಿಸಲೇಬಾರದು. ನಿಷೇಧವು ಹೊಸ ಕ್ರಿಯೆಯನ್ನು ವಿಧಿಸುವುದಿಲ್ಲ, ಪ್ರವೃತ್ತಿಯಿಂದ ಹಿಂಸರಿದ ಔದಾಸೀನ್ಯವನ್ನಷ್ಟೆ ಕೇಳುವುದೆಂದು ಶಂಕರರ ಬ್ರಹ್ಮಸೂತ್ರಭಾಷ್ಯವು ಹೇಳುತ್ತದೆ. ಅದಕ್ಕೆ ನಲ್ಲಿಯ ನೀರೂ ಬೇಡ, ಸತುವೂ ಬೇಡ. ಹೊಸ ವಾಹನದ ಒಡೆಯನಿಗೆ ತೊಳೆಯುವುದಕ್ಕಿಂತಲೂ ಕಷ್ಟವೆನಿಸುವುದು ಬಹುಶಃ ಅದೇ.