ಲೆಕ್ಕಕ್ಕೆ ಸಿಗದ ನೋವು

ರೋಗಿಯ ಕೈಪಟ್ಟಿಯ ಬಾರ್‌ಕೋಡ್ ಓದಿ, ಮದ್ದು ಬದಲಾಗಿದ್ದರೆ ದಾದಿಯನ್ನು ಎಚ್ಚರಿಸುವ ಯಂತ್ರ ಇಂದು ದೊಡ್ಡ ಆಸ್ಪತ್ರೆಗಳಲ್ಲಿದೆ. ರಾತ್ರಿಯಿಡೀ ತೂಕಡಿಸದೆ ನಾಡಿಯ ಮೇಲೆ ಕಣ್ಣಿಡುವ ಮಾನಿಟರ್ ಇದೆ. ಕೇರಳದ ಇ-ಹೆಲ್ತ್ ಯೋಜನೆಗೆ ಸೇರಿದ ಸರಕಾರಿ ಆಸ್ಪತ್ರೆಗಳ ಒ.ಪಿ. ಚೀಟಿಯನ್ನು ಮನೆಯಲ್ಲೇ ಕುಳಿತು ಪಡೆಯಬಹುದು. ಇವನ್ನು ಹಳಿಯುವುದು ಕೃತಘ್ನತೆಯಾದೀತು. ಆದರೆ ಯಾರಿಗೆ ಹೆಚ್ಚಿನ ಆರೈಕೆ ಸಿಗಬೇಕೆಂಬುದನ್ನೂ ಯಂತ್ರವೇ ಸೂಚಿಸತೊಡಗಿದಾಗ ಒಂದು ಪ್ರಶ್ನೆ ಏಳುತ್ತದೆ: ಅದು ಅಳೆಯುವುದಾದರೂ ಏನನ್ನು?

ಅಮೆರಿಕದ ಆಸ್ಪತ್ರೆಗಳು ಬಳಸುತ್ತಿದ್ದ ಇಂಥ ಒಂದು ಗಣಕಸೂತ್ರದ ಅಧ್ಯಯನ 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ರೋಗಿಯ ಚಿಕಿತ್ಸೆಗೆ ಮುಂದೆ ತಗಲುವ ಖರ್ಚನ್ನು ಅಂದಾಜು ಮಾಡಿ, ಅದನ್ನೇ ಕಾಯಿಲೆಯ ಅಳತೆಗೋಲಾಗಿ ಆ ಸೂತ್ರ ಹಿಡಿದಿತ್ತು. ಕಪ್ಪು ವರ್ಣೀಯರಿಗೆ ಅಷ್ಟೇ ಕಾಯಿಲೆ ಇದ್ದರೂ ಅವರಿಗಾಗಿ ಆಗುತ್ತಿದ್ದ ಖರ್ಚು ಕಡಿಮೆ. ಹಾಗಾಗಿ ಅವರು ಪಟ್ಟಿಯಲ್ಲಿ ಹಿಂದೆ ಬಿದ್ದರು. ಅಳತೆಗೋಲು ಸರಿಯಾಗಿದ್ದರೆ, ವಿಶೇಷ ಆರೈಕೆಗೆ ಆಯ್ಕೆಯಾಗುವವರಲ್ಲಿ ಅವರ ಪಾಲು ಶೇ. 17.7ರಿಂದ 46.5ಕ್ಕೆ ಏರುತ್ತಿತ್ತು. ಸೂತ್ರಕ್ಕೆ ರೋಗಿಯ ಬಣ್ಣವನ್ನು ತಿಳಿಸಿಯೇ ಇರಲಿಲ್ಲ. ಯಾರೂ ದ್ವೇಷಿಸದೆಯೇ ಅನ್ಯಾಯ ನಡೆದುಹೋಯಿತು.

ಬ್ಯಾಂಕಿನ ಗುಮಾಸ್ತನಾದ ನನಗೆ ಇದು ಅಪರಿಚಿತ ಸಂಗತಿಯಲ್ಲ. ಖಾತೆಯಿಂದ ಒಬ್ಬರು ವರ್ಷವಿಡೀ ಹಣ ತೆಗೆಯದಿದ್ದರೆ ಅವರಿಗೆ ಅಗತ್ಯವೇ ಇರಲಿಲ್ಲವೆನ್ನಬಹುದೇ? ತೆಗೆಯಲು ಹಣವೇ ಇಲ್ಲದಿದ್ದೀತು. ಲೆಡ್ಜರಿನ ಅಂಕಿ ನಿಜ, ಅದರಿಂದ ನಾವು ಮಾಡುವ ಊಹೆ ಸುಳ್ಳಾಗಬಹುದು.

ಗಡಿನಾಡಿನವರು ಇದನ್ನು ವಿಶೇಷವಾಗಿ ಯೋಚಿಸಬೇಕು. ಕಾಸರಗೋಡಿನ ಅನೇಕರ ಚಿಕಿತ್ಸೆ ಅರ್ಧ ಇಲ್ಲಿ, ಅರ್ಧ ಮಂಗಳೂರಿನಲ್ಲಿ. ಒಂದು ಕಡೆಯ ದಾಖಲೆಯನ್ನಷ್ಟೇ ನೋಡುವ ಗಣಕಕ್ಕೆ ನಮ್ಮ ಕಾಯಿಲೆಯೂ ಅರ್ಧವೇ. ಭಾಷೆಯ ತೊಡಕು ಬೇರೆ. ಅಜ್ಜಿಯಂದಿರು ಉರಿ, ಸೆಳೆತ, ಸಂಕಟ ಎಂದು ಬಿಡಿಸಿ ಹೇಳಿದ್ದೆಲ್ಲ ಪರದೆಯ ಮೇಲೆ ಒಂದೇ ‘ನೋವು’ ಆಗಿಬಿಡಬಹುದು. ಮಲಯಾಳ ಬಲ್ಲ ಮೊಮ್ಮಗ ದುಭಾಷಿಯಾಗಿ ನಿಂತರೆ, ಅವನೆದುರು ಹೇಳಲು ನಾಚಿದ ಬಾಧೆ ದಾಖಲಾಗುವುದೇ ಇಲ್ಲ.

ಯಂತ್ರಗಳು ಆಸ್ಪತ್ರೆಗೆ ಹೊತ್ತನ್ನು ಉಳಿಸಿಕೊಡುತ್ತವೆ. ಆ ಹೊತ್ತು ಯಾರಿಗೆ ಸೇರಬೇಕು? ಇನ್ನೂ ಹತ್ತು ಚೀಟಿ ಕೊಡಲಿಕ್ಕೋ, ಎದುರಿಗಿರುವವರ ಮಾತು ಕೇಳಲಿಕ್ಕೋ? ಅದರ ಒಂದು ಪಾಲಾದರೂ ರೋಗಿಗೆ ಮರಳಬೇಕೆಂದು ನನ್ನ ಅಭಿಪ್ರಾಯ. “ಮತ್ತೇನಾದರೂ ಉಂಟಾ ಅಜ್ಜೀ?” ಎಂದು ಅವರ ಮಾತಿನಲ್ಲೇ ಕೇಳುವವರೊಬ್ಬರು ಪರದೆಯ ಪಕ್ಕದಲ್ಲಿ ಇರಬೇಕು. ನಾವೂ ಹಿರಿಯರನ್ನು ಕರೆದೊಯ್ಯುವಾಗ ಎರಡೂ ಕಡೆಯ ಕಾಗದಗಳನ್ನು ಕೊಂಡುಹೋಗೋಣ; ಅವರ ಬದಲು ನಾವು ಉತ್ತರಿಸುವ ಮೊದಲು ಅವರು ಹೇಳಿ ಮುಗಿಸಲು ಬಿಡೋಣ.