ನಾಳೆಯ ತೆರಿಗೆ ಯಾರ ಪಾಲು?

ಇನ್ನೂ ಹುಟ್ಟದ ತೆರಿಗೆಯನ್ನು ಇಂದೇ ಬರೆದುಕೊಡಬಹುದೇ? ಅಮೆರಿಕದ ಷಿಕಾಗೊ ನಗರ ಕೊಡುತ್ತದೆ. ಅಲ್ಲಿ ಅದರ ಹೆಸರು ‘ಟಿಫ್’. ಇಲಿನಾಯ್ ರಾಜ್ಯದ 1977ರ ಕಾಯ್ದೆಯಂತೆ, ಸೊರಗಿದ ಕೈಗಾರಿಕಾ ಪ್ರದೇಶವೊಂದನ್ನು ಗುರುತಿಸಿ, ಆಸ್ತಿಗಳ ಅಂದಿನ ಬೆಲೆಗೊಂದು ಗೆರೆ ಎಳೆಯುತ್ತಾರೆ. ಸಾಮಾನ್ಯವಾಗಿ 23 ವರ್ಷ, ಆ ಗೆರೆ ಮೀರಿ ಏರಿದ ಬೆಲೆಯ ತೆರಿಗೆ ಶಾಲೆಗಳ ಬೊಕ್ಕಸಕ್ಕೆ ಹೋಗದೆ, ಅದೇ ಪ್ರದೇಶದ ರಸ್ತೆ, ಒಳಚರಂಡಿ, ಕಾರ್ಖಾನೆಗಳ ದುರಸ್ತಿಗೆ ಸಲ್ಲುತ್ತದೆ.

ಬಾಗಿಲು ಮುಚ್ಚಿದ ಕಾರ್ಖಾನೆ ಯಾರಿಗೂ ಅನ್ನ ಕೊಡದು, ನಿಜ. ಆದರೆ ಈ ನೆರವಿಲ್ಲದೆಯೂ ಬೆಲೆ ಏರುತ್ತಿತ್ತಾದರೆ, ಅದು ಶಾಲೆಯ ಪಾಲನ್ನು ಕಸಿದಂತೆಯೇ. 1952ರಲ್ಲಿ ಈ ಪದ್ಧತಿಯನ್ನು ಆರಂಭಿಸಿದ ಕ್ಯಾಲಿಫೋರ್ನಿಯಾ, ಬೊಕ್ಕಸ ಬರಿದಾದಾಗ ಶಾಲೆಗಳಿಗೆ ಹಣ ಬೇಕೆಂದು, ಅದನ್ನು ನಡೆಸುತ್ತಿದ್ದ ಸಂಸ್ಥೆಗಳನ್ನು 2012ರಲ್ಲಿ ಮುಚ್ಚಿತು.

ಇಪ್ಪತ್ಮೂರು ವರ್ಷವೆಂದರೆ ಮಗುವೊಂದು ಹುಟ್ಟಿ, ಓದಿ, ದುಡಿಯತೊಡಗುವಷ್ಟು ಕಾಲ. ಆ ಮಗುವಿಗೆ ‘ಸ್ವಲ್ಪ ಕಾಯಿ’ ಎನ್ನುವವರು, ವರ್ಷವರ್ಷವೂ ಅದರ ಹೆತ್ತವರಿಗೆ ಲೆಕ್ಕ ಒಪ್ಪಿಸಲೇಬೇಕು.